ಎರಡನೇ ಟಿಟಿ ತಪ್ಪುವುದೆಲ್ಲಿ?

ಟಿಟಿ ಇಂಜೆಕ್ಷನ್ ಗೊತ್ತೇ ಎಂದರೆ ಗರ್ಭಿಣಿಯರು ಹೂಂ ಎನ್ನುತ್ತಾರೆ. ಯಾತಕ್ಕೆ ಎಂದು ಕೇಳಿ ನೋಡಿ: ರಕ್ತ ಹೆಚ್ಚಲು, ಶಕ್ತಿಗೆ, ಹೆರಿಗೆ ಸಲೀಸಾಗಲು. ಅದು ತಾಯಿಗೂ ಮಗುವಿಗೂ ಧನುರ್ವಾಯು (ಟೆಟನಸ್) ಬಾರದಂತೆ ತಡೆಯುವ ಲಸಿಕೆ. ಯಾತಕ್ಕೆಂದು ತಿಳಿಯದವರು ಮೊದಲನೆಯದನ್ನು ಹಾಕಿಸಿಕೊಂಡು ಎರಡನೆಯದಕ್ಕೆ ಬರದಿದ್ದರೆ ಆಶ್ಚರ್ಯವೇನಿಲ್ಲ.

ಧನುರ್ವಾಯುವಿನ ರೋಗಾಣು ಮಣ್ಣಿನಲ್ಲಿ, ಪ್ರಾಣಿಗಳ ಮಲದಲ್ಲಿ ವರ್ಷಗಟ್ಟಲೆ ಸಾಯದೆ ಉಳಿಯುತ್ತದೆ. ಶುದ್ಧವಿಲ್ಲದ ಬ್ಲೇಡಿನಿಂದ ಹೊಕ್ಕುಳಬಳ್ಳಿ ಕತ್ತರಿಸಿದರೆ, ಆ ಗಾಯಕ್ಕೆ ಸಗಣಿ, ಬೂದಿ, ಮಣ್ಣು ಸೋಕಿದರೆ ಒಳಗೆ ಬೆಳೆದು ನಂಜು ಬಿಡುತ್ತದೆ. ಹುಟ್ಟಿದ ಮೊದಲೆರಡು ದಿನ ಚೆನ್ನಾಗಿ ಹಾಲು ಕುಡಿದ ಮಗು 3ರಿಂದ 28ನೇ ದಿನದೊಳಗೆ ಮೊಲೆ ಚೀಪಲಾರದೆ ಹೋಗುತ್ತದೆ. ದವಡೆ ಬಿಗಿದು ಮೈ ಸೆಟೆಯುತ್ತದೆ, ಸಣ್ಣ ಸದ್ದಿಗೂ ಸೆಳೆತ ಬರುತ್ತದೆ. ಚಿಕಿತ್ಸೆ ಸಿಗದಿದ್ದರೆ ಉಳಿಯುವುದು ತೀರಾ ಅಪರೂಪ. ಅಷ್ಟು ಎಳೆಯ ಮಗುವಿಗೆ ಲಸಿಕೆ ಹಾಕಿ ಕಾಯುವಷ್ಟು ಸಮಯವಿಲ್ಲ. ಲಸಿಕೆಯಿಂದ ತಾಯಿಯ ರಕ್ತದಲ್ಲಿ ತಯಾರಾದ, ನಂಜು ತಡೆಯುವ ಪ್ರತಿಕಾಯಗಳು ಮಾಸಿನ ಮೂಲಕ ಮೊದಲೇ ಮಗುವಿಗೆ ದಾಟಿರಬೇಕು. ಇದು ಒಬ್ಬರಿಂದೊಬ್ಬರಿಗೆ ಹರಡುವ ರೋಗವಲ್ಲವಾದ್ದರಿಂದ ಸುತ್ತಲಿನವರು ಲಸಿಕೆ ಪಡೆದಿದ್ದರೂ ಪಡೆಯದ ತಾಯಿಯ ಮಗುವಿಗೆ ಅದರಿಂದ ರಕ್ಷಣೆಯಿಲ್ಲ.

ಹಿಂದೆ ಲಸಿಕೆ ಪಡೆದ ದಾಖಲೆಯಿಲ್ಲದವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೆಕ್ಕ ಹೀಗಿದೆ. ಗರ್ಭ ಖಚಿತವಾಗಿ ಮೊದಲ ಬಾರಿ ತಪಾಸಣೆಗೆ ಬಂದಾಗಲೇ ಒಂದು ಡೋಸ್, ಕನಿಷ್ಠ 4 ವಾರ ಬಿಟ್ಟು ಎರಡನೆಯದು. ಎರಡನೆಯದು ಹೆರಿಗೆಗೆ ಕನಿಷ್ಠ 2 ವಾರ ಮುಂಚೆ ಮುಗಿದಿರಬೇಕು. ಮೂರನೆಯದು 6 ತಿಂಗಳ ನಂತರ ಅಥವಾ ಮುಂದಿನ ಬಸಿರಿನಲ್ಲಿ. ಆಮೇಲೆ ತಲಾ ಒಂದು ವರ್ಷದ ಅಂತರದಲ್ಲಿ ನಾಲ್ಕು ಮತ್ತು ಐದು. ಎರಡು ಡೋಸ್ ಕೊಡುವ ರಕ್ಷಣೆ 1ರಿಂದ 3 ವರ್ಷ, ಮೂರು ಕೊಡುವುದು ಕನಿಷ್ಠ 5 ವರ್ಷ, ನಾಲ್ಕು ಕನಿಷ್ಠ 10. ಐದಾದರೆ ಹೆರುವ ವಯಸ್ಸು ಕಳೆಯುವವರೆಗೂ ಸಾಕು. ಬಾಲ್ಯದ ಡೋಸ್‌ಗಳ ದಾಖಲೆ ಕೈಯಲ್ಲಿದ್ದರೆ ಇಷ್ಟೆಲ್ಲ ಬೇಕಾಗುವುದಿಲ್ಲ.

ಒಂದು ಡೋಸಿಗೆ ನಿಲ್ಲಿಸಿದವರಿಗೆ ಸಿಗುವ ರಕ್ಷಣೆ ನಂಬುವಂಥದ್ದಲ್ಲ. ಹಾಗೆಂದು ತಡವಾದವರು ಮತ್ತೆ ಒಂದರಿಂದ ಶುರು ಮಾಡಬೇಕಿಲ್ಲ, ಬಿಟ್ಟಲ್ಲಿಂದ ಮುಂದುವರಿಸಿದರಾಯಿತು. ಎಂಟನೇ ತಿಂಗಳಲ್ಲಿ ಮೊದಲ ಸಲ ಬಂದವರಿಗೂ ಅಂದೇ ಹಾಕಬೇಕು. ಎರಡನೆಯದಕ್ಕೆ ಮೊದಲೇ ಹೆರಿಗೆಯಾದರೆ ಆಮೇಲೆ ಹಾಕಿ, ಮುಂದಿನ ಬಸಿರಿಗೆ ಅದು ಲೆಕ್ಕಕ್ಕೆ ಬರುತ್ತದೆ. ಆಗ ಈ ಹೆರಿಗೆಗೆ ಉಳಿಯುವ ಕಾವಲು ತೊಳೆದ ಕೈ, ಹೊಸ ಬ್ಲೇಡು, ಶುದ್ಧ ದಾರ ಮತ್ತು ಏನೂ ಹಚ್ಚದೆ ಒಣಗಲು ಬಿಟ್ಟ ಹೊಕ್ಕುಳು.

‘ಕೈ ಊದಿತ್ತು, ಅದಕ್ಕೇ ಬರಲಿಲ್ಲ’ ಎನ್ನುವವರೂ ಇದ್ದಾರೆ. ತೋಳಿನ ಸ್ನಾಯುವಿಗೆ ಕೊಡುವ 0.5 ಮಿಲಿ ಲೀಟರ್‌ನಿಂದ ಒಂದೆರಡು ದಿನ ನೋವು, ಕೆಂಪು, ಸಣ್ಣ ಬಾವು ಬರುವುದುಂಟು; ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆಯಿಲ್ಲ. ಇದನ್ನು ಹಾಕುವ ಮೊದಲೇ ಹೇಳಿದರೆ ಊದಿದ ಕೈ ಹೆದರಿಸುವುದಿಲ್ಲ. ಕಾರ್ಡಿನಲ್ಲಿ ‘ಟಿಡಿ’ ಎಂದು ಕಂಡು ಗಾಬರಿಯಾಗುವವರಿಗೆ: ಈಗ ಟಿಟಿ ಬದಲು ಕೊಡುವುದು ಇದನ್ನೇ, ಅದರಲ್ಲಿ ಧನುರ್ವಾಯುವಿನ ಜೊತೆ ಡಿಫ್ತೀರಿಯಾ (ಗಂಟಲಮಾರಿ) ಲಸಿಕೆಯೂ ಇದೆ, ಅಷ್ಟೇ.

ತಪ್ಪು ಲಸಿಕೆ ಹಾಕುವ ನಮ್ಮ ಕಡೆಯೂ ಆಗುತ್ತದೆ. ಲಸಿಕೆಯನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಹೆಪ್ಪುಗಟ್ಟಿದರೆ ಕೆಲಸಕ್ಕೆ ಬಾರದು. ಫ್ರೀಜರ್ ಗೋಡೆಗೆ ತಾಗಿಸಿಟ್ಟು ಹಾಳಾದ ಬಾಟಲಿ ಹೊರನೋಟಕ್ಕೆ ಚೆನ್ನಾಗಿಯೇ ಕಾಣಬಹುದು. ಇನ್ನೊಂದು, ‘ಮುಂದಿನ ತಿಂಗಳು ಬನ್ನಿ’ ಎನ್ನುವ ಬಾಯಿಮಾತು. ಕಾರ್ಡಿನಲ್ಲಿ ಹಾಕಿದ ತಾರೀಖನ್ನಷ್ಟೇ ಬರೆದು ಮುಂದಿನದನ್ನು ಖಾಲಿ ಬಿಟ್ಟರೆ, ಬರದಿದ್ದವರನ್ನು ಹುಡುಕುವುದಕ್ಕೂ ದಾರಿಯಿರುವುದಿಲ್ಲ. ಮಗುವಿಗೆ ಲಸಿಕೆ ಹಾಕಿಸಲು ಬಂದ ತಾಯಿಯ ಕಾರ್ಡನ್ನೂ ತೆರೆಸಿ ನೋಡಿ, ಬಾಕಿ ಡೋಸಿನ ಸಮಯವಾಗಿದ್ದರೆ ಅಂದೇ ಹಾಕಿ ಕಳಿಸಬಹುದು.