ಯಾವತ್ತೂ ವ್ಯಾಯಾಮ ಮಾಡಿದವಳಲ್ಲ, ಈಗ ಬಸುರಿ. ಶುರು ಮಾಡಬಹುದಾ?

ಪ್ರಶ್ನೆ: ದಿನವಿಡೀ ಕೂತು ಮಾಡುವ ಕೆಲಸ ನನ್ನದು. ಮೊದಲ ಬಸಿರು, ನಾಲ್ಕು ತಿಂಗಳು ತುಂಬಿದೆ. ಡಾಕ್ಟರ್ "ಸ್ವಲ್ಪ ನಡೀರಿ" ಅಂತಾರೆ, ಅಮ್ಮ "ಈಗ ಮೈ ಅಲುಗಾಡಿಸಬೇಡ" ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ಡಾಕ್ಟರ್ ಮಾತು ಕೇಳಿ.

ಅಮ್ಮನಿಗಿರುವ ಹೆದರಿಕೆ, ನಡೆದರೆ ಗರ್ಭ ಜಾರುತ್ತದೆ ಅನ್ನೋದು, ಅಲ್ವಾ? ತೊಂದರೆ ಇಲ್ಲದ ಬಸಿರಿನಲ್ಲಿ ನಡಿಗೆಯಂಥ ಹದವಾದ ವ್ಯಾಯಾಮದಿಂದ ಗರ್ಭಪಾತವಾಗಲಿ, ದಿನ ತುಂಬುವ ಮುಂಚಿನ ಹೆರಿಗೆಯಾಗಲಿ ಜಾಸ್ತಿಯಾಗುವುದಿಲ್ಲ. ಬದಲಿಗೆ ಬಸಿರಿನಲ್ಲಿ ಶುರುವಾಗುವ ಶುಗರ್, ಬಿಪಿ ಎರಡರ ಸಾಧ್ಯತೆಯೂ ಕಮ್ಮಿಯಾಗುತ್ತದೆ. ಹೆದರಿದ್ದು ಅಮ್ಮಂದಿರು ಮಾತ್ರ ಅಲ್ಲ ಬಿಡಿ. ಬಸುರಿಯ ಎದೆಬಡಿತ ನಿಮಿಷಕ್ಕೆ 140 ದಾಟಬಾರದು ಅಂತ ಅಮೆರಿಕದ ಹೆರಿಗೆ ತಜ್ಞರ ಸಂಘವೇ 1985ರಲ್ಲಿ ಹೇಳಿತ್ತು, 1994ರಲ್ಲಿ ಆ ಮಿತಿಯನ್ನು ಕೈಬಿಟ್ಟಿತು.

ವಾರಕ್ಕೆ 150 ನಿಮಿಷ ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಸದ್ಯಕ್ಕೆ ಆ ಲೆಕ್ಕ ಮರೆತುಬಿಡಿ. ವಾರಕ್ಕೆ ಮೂರು ದಿನ, ಹತ್ತು ಹದಿನೈದು ನಿಮಿಷ ಸಮತಟ್ಟಾದ ಜಾಗದಲ್ಲಿ ನಡೀರಿ, ಸಾಕು. ಒಗ್ಗಿದ ಮೇಲೆ ನಿಧಾನಕ್ಕೆ ಅರ್ಧ ಗಂಟೆಗೆ ಏರಿಸಿ. ವೇಗ ಎಷ್ಟಿರಬೇಕು? ನಡೆಯುತ್ತಾ ಜೊತೆಯವರ ಹತ್ತಿರ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಮಾತಿನ ಮಧ್ಯೆ ಏದುಸಿರು ಬಂದರೆ ವೇಗ ಜಾಸ್ತಿಯಾಯಿತು ಅಂತಲೇ ಅರ್ಥ. ಬಿಸಿಲು ಏರುವ ಮೊದಲೇ ಮುಗಿಸಿ, ನೀರು ಕುಡೀರಿ, ಹೊಟ್ಟೆ ಖಾಲಿ ಬಿಟ್ಟು ಹೋಗಬೇಡಿ. ಯೂಟ್ಯೂಬ್ ನೋಡಿಕೊಂಡು ಹೊಸದಾಗಿ ಸೂರ್ಯನಮಸ್ಕಾರ ಕಲಿಯುವ ಕಾಲ ಇದಲ್ಲ. ಇಷ್ಟವಿದ್ದರೆ ಬಸುರಿಯರಿಗೆ ಕಲಿಸಿ ಗೊತ್ತಿರುವವರ ಹತ್ತಿರವೇ ಯೋಗಕ್ಕೆ ಹೋಗಿ. ನಾಲ್ಕು ತಿಂಗಳು ದಾಟಿದ ಮೇಲೆ ತುಂಬಾ ಹೊತ್ತು ಅಂಗಾತ ಮಲಗಿ ಮಾಡುವ ಆಸನ ಬೇಡ. ಗರ್ಭದ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ತಲೆ ತಿರುಗಬಹುದು.

ಇನ್ನು, ನಮ್ಮಲ್ಲಿ ಯಾರೂ ಅಷ್ಟಾಗಿ ಮಾತಾಡದ ವಿಷಯ ಅಂದರೆ ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಬಸುರಿಯರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಿಗೆ ಅದಿದೆ. ಎರಡು ಮೆಟ್ಟಿಲು ಹತ್ತಿದರೆ ಸುಸ್ತಾಗುವುದಕ್ಕೆ ಸೋಮಾರಿತನ ಕಾರಣ ಅಲ್ಲದೇ ಇರಬಹುದು, ಹಿಮೋಗ್ಲೋಬಿನ್ ಕಮ್ಮಿ ಇರಬಹುದು. ತಾಯಿ ಕಾರ್ಡ್ ತೆಗೆದು ನೋಡಿ. 7ಕ್ಕಿಂತ ಕೆಳಗಿದ್ದರೆ ಅದು ತೀವ್ರ ರಕ್ತಹೀನತೆ, ಮೊದಲು ಚಿಕಿತ್ಸೆ, ನಡಿಗೆ ಆಮೇಲೆ. ಸ್ವಲ್ಪ ಕಮ್ಮಿಯಿದ್ದರೆ ಕಬ್ಬಿಣದ ಮಾತ್ರೆ ತಪ್ಪಿಸದೆ ತಗೊಳ್ಳುತ್ತಾ ಎಷ್ಟು ನಡೆಯಬಹುದು ಅಂತ ಡಾಕ್ಟರನ್ನು ಕೇಳಿ.

ಮಾಸು (ಪ್ಲಾಸೆಂಟಾ) ಕೆಳಗಿದೆ ಅಂತ ಡಾಕ್ಟರ್ ಅಂದಿದ್ದರೆ, ಗರ್ಭಕಂಠಕ್ಕೆ ಹೊಲಿಗೆ ಹಾಕಿದ್ದರೆ, ಬಿಪಿ ಏರಿದ್ದರೆ, ಹೃದಯದ ತೊಂದರೆ ಇದ್ದರೆ, ಅವಳಿ ಮಕ್ಕಳಿದ್ದರೆ ಕೇಳದೆ ಏನನ್ನೂ ಶುರು ಮಾಡಬೇಡಿ. ನಡೆಯುವಾಗ ರಕ್ತ ಕಂಡರೆ, ನೀರು ಹೋದರೆ, ಎದೆ ನೋವು ಬಂದರೆ, ಹೊಟ್ಟೆ ಬಿಗಿಹಿಡಿದು ಮತ್ತೆ ಮತ್ತೆ ನೋವು ಬಂದರೆ, ಒಂದೇ ಮೀನಖಂಡ ಊದಿ ನೋವಾದರೆ ಅಲ್ಲಿಗೇ ನಿಲ್ಲಿಸಿ, ಅವತ್ತೇ ಆಸ್ಪತ್ರೆಗೆ ಹೋಗಿ.

"ಕುಕ್ಕರಗಾಲಲ್ಲಿ ಕೂತು ನೆಲ ಒರೆಸು, ನಾರ್ಮಲ್ ಆಗುತ್ತೆ" ಅನ್ನುವವರೂ ನಿಮಗೆ ಸಿಗುತ್ತಾರೆ. ನೆಲ ಒರೆಸಿದ ಮಾತ್ರಕ್ಕೆ ನಾರ್ಮಲ್ ಹೆರಿಗೆ ಗ್ಯಾರಂಟಿ ಆಗಲ್ಲ. ಸೊಂಟ ನೋಯುತ್ತಿದ್ದರೆ ಒರೆಸುವ ಕೆಲಸವನ್ನು ಯಜಮಾನರಿಗೆ ಕೊಟ್ಟು ನೀವು ವಾಕಿಂಗ್ ಹೋಗಿ.