ನಿವೃತ್ತಿಗೆ ಮೊದಲೇ ಸಾವು: ಕಾರ್ಮಿಕನ ಪಿಂಚಣಿ ಕುಟುಂಬಕ್ಕೆ ತಲುಪಿದ ಬಗೆ

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯಲ್ಲೋ ಮಚ್ಛೆಯ ಕಾರ್ಖಾನೆಯಲ್ಲೋ ದುಡಿಯುವ ನಲವತ್ತರ ಆಸುಪಾಸಿನ ಕಾರ್ಮಿಕರೊಬ್ಬರು ತೀರಿಕೊಂಡರೆ, ದಿನಕರ್ಮಗಳು ಮುಗಿಯುವ ಹೊತ್ತಿಗೆ ಮನೆಯವರು ವಿಚಾರಿಸುವುದು ಪಿ.ಎಫ್. (ಭವಿಷ್ಯ ನಿಧಿ) ಎಷ್ಟು ಬರುತ್ತದೆ ಎಂಬುದನ್ನು. ಪಿಂಚಣಿಯ ಮಾತು ಅಲ್ಲಿ ಬರುವುದು ಕಡಿಮೆ. ಅದು 58 ತುಂಬಿದವರಿಗೆ ಸೇರಿದ್ದು, ಅದಕ್ಕೆ ಮೊದಲೇ ಹೋದವರ ಪಾಲು ಅಲ್ಲಿಗೇ ಮುಗಿಯಿತು ಎಂಬ ತಿಳಿವಳಿಕೆ ಬಹಳ ಜನರಲ್ಲಿದೆ. ಇತಿಹಾಸ ನೋಡಿದರೆ ಸಂಗತಿ ಇದಕ್ಕೆ ತದ್ವಿರುದ್ಧವಾಗಿದೆ: ಖಾಸಗಿ ವಲಯದ ಕಾರ್ಮಿಕರಿಗಾಗಿ ನಮ್ಮ ಕಾನೂನು ಮೊದಲು ರೂಪಿಸಿದ ಪಿಂಚಣಿ ಯೋಜನೆ ಹುಟ್ಟಿದ್ದೇ ದುಡಿಯುತ್ತಿರುವಾಗ ಸತ್ತವರ ಮನೆಯವರಿಗಾಗಿ. ಬದುಕಿ ನಿವೃತ್ತರಾದವರಿಗೆ ತಿಂಗಳ ಪಿಂಚಣಿ ಸಿಕ್ಕಿದ್ದು ಅದಾಗಿ ಕಾಲು ಶತಮಾನದ ನಂತರ.

ಇದಕ್ಕೂ ಮೊದಲು ಇದ್ದದ್ದು ಉಳಿತಾಯ ಮಾತ್ರ. 1951ರ ನವೆಂಬರ್‌ನಲ್ಲಿ ಸುಗ್ರೀವಾಜ್ಞೆಯಾಗಿ ಬಂದು 1952ರಲ್ಲಿ ಕಾಯ್ದೆಯಾದ ನೌಕರರ ಭವಿಷ್ಯ ನಿಧಿ ಕಾನೂನು ಮೊದಲಿಗೆ ಆರು ಉದ್ದಿಮೆಗಳಿಗೆ ಅನ್ವಯಿಸಿತು: ಸಿಮೆಂಟ್, ಸಿಗರೇಟ್, ಎಂಜಿನಿಯರಿಂಗ್ ಉತ್ಪನ್ನ, ಕಬ್ಬಿಣ ಮತ್ತು ಉಕ್ಕು, ಕಾಗದ, ಜವಳಿ. ಆಗಿನ್ನೂ ಮುಂಬೈ ಪ್ರಾಂತ್ಯದಲ್ಲಿದ್ದ ಬೆಳಗಾವಿ ಜಿಲ್ಲೆಯಲ್ಲಿ ಗೋಕಾಕ ಫಾಲ್ಸಿನ ನೂಲಿನ ಗಿರಣಿಯಂಥ ಜವಳಿ ಉದ್ದಿಮೆ ಈ ಪಟ್ಟಿಯಲ್ಲೇ ಇತ್ತು. 50 ಕೆಲಸಗಾರರಿದ್ದಲ್ಲಿ ಮಾತ್ರ ಅನ್ವಯಿಸುತ್ತಿದ್ದ ಕಾನೂನನ್ನು 1960ರ ತಿದ್ದುಪಡಿ 20 ಜನರಿರುವ ಕಡೆಗೂ ವಿಸ್ತರಿಸಿತು. ಹತ್ತು ಹದಿನೈದು ಆಳುಗಳ ಸಣ್ಣ ವರ್ಕ್‌ಶಾಪುಗಳು ಆ ಗೆರೆಯ ಆಚೆಗೇ ಉಳಿದವು.

ಆ ಕಾಲದಲ್ಲಿ ಕಾರ್ಮಿಕ ಸತ್ತರೆ ಅವನ ಖಾತೆಯಲ್ಲಿದ್ದ ಹಣ ನಾಮಿನಿಗೆ ಒಂದೇ ಗಂಟಿನಲ್ಲಿ ಸಿಗುತ್ತಿತ್ತು. ಸೇವೆ ನಾಲ್ಕೇ ವರ್ಷದ್ದಾಗಿದ್ದರೆ ಗಂಟೂ ಅಷ್ಟೇ ಚಿಕ್ಕದು. ಮನೆಯ ದುಡಿಮೆ ಬೇಗ ನಿಂತಷ್ಟೂ ಪರಿಹಾರ ಕಡಿಮೆಯಾಗುವುದು ಉಳಿತಾಯವನ್ನೇ ನಂಬಿದ ವ್ಯವಸ್ಥೆಯ ಮೂಲ ದೋಷ. ಆದರೂ ಆ ಕಾಯ್ದೆಯ 10ನೇ ಕಲಮು ಕೊಟ್ಟ ರಕ್ಷಣೆಯೊಂದನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಊರಿಗೆ ನಾಲ್ಕು ಪತ್ತಿನ ಸಂಘಗಳಿರುವ ನಮ್ಮ ಜಿಲ್ಲೆಯಲ್ಲಿ ಅದರ ಅಗತ್ಯ ಆಗಾಗ ಬೀಳುತ್ತದೆ: ಮೃತರ ಖಾತೆಯಿಂದ ನಾಮಿನಿಗೆ ಸಲ್ಲುವ ಭವಿಷ್ಯ ನಿಧಿಯ ಹಣವನ್ನು, ಮೃತರು ಮಾಡಿದ್ದ ಸೊಸೈಟಿ ಸಾಲಕ್ಕಾಗಲಿ ಕೈಸಾಲಕ್ಕಾಗಲಿ ಜಪ್ತಿ ಮಾಡುವಂತಿಲ್ಲ.

1971ರ ಮಾರ್ಚ್ 1ರಂದು ನೌಕರರ ಕುಟುಂಬ ಪಿಂಚಣಿ ಯೋಜನೆ ಜಾರಿಗೆ ಬಂತು. ಕಾರ್ಮಿಕ ಮತ್ತು ಮಾಲೀಕರ ವಂತಿಗೆಯಿಂದ ಒಂದು ಸಣ್ಣ ಪಾಲನ್ನು ತೆಗೆದು, ಕೇಂದ್ರ ಸರಕಾರ ತನ್ನ ಪಾಲನ್ನೂ ಸೇರಿಸಿ, ಸೇವೆಯಲ್ಲಿರುವಾಗ ಸತ್ತವರ ಮನೆಯವರಿಗೆ ತಿಂಗಳು ತಿಂಗಳು ಹಣ ಕೊಡುವುದು ಅದರ ಉದ್ದೇಶವಾಗಿತ್ತು. ಹೊಸದಾಗಿ ಸೇರುವವರಿಗೆ ಅದು ಕಡ್ಡಾಯ, ಮೊದಲೇ ಪಿ.ಎಫ್. ಸದಸ್ಯರಾಗಿದ್ದವರಿಗೆ ಐಚ್ಛಿಕ. ಬದುಕಿ ನಿವೃತ್ತರಾದರೆ ಸಿಗುತ್ತಿದ್ದುದು ಚಿಕ್ಕದೊಂದು ಇಡಿಗಂಟು ಮಾತ್ರ. ಸತ್ತರಷ್ಟೇ ಫಲ ಕೊಡುವ ಯೋಜನೆಗೆ ತಮ್ಮ ಪಿ.ಎಫ್.ನಿಂದ ಹಣ ಏಕೆ ಹೋಗಬೇಕು ಎಂದು ಹಳೆಯ ಸದಸ್ಯನೊಬ್ಬ ಯೋಚಿಸಿದ್ದರೆ ಅದನ್ನು ಅವಿವೇಕ ಎನ್ನಲಾಗದು. ಒಪ್ಪಿಗೆ ಬರೆದುಕೊಡದವನು ಸೇವೆಯಲ್ಲೇ ತೀರಿಕೊಂಡಾಗ ಹೆಂಡತಿಗೆ ಬಂದದ್ದು ಪಿ.ಎಫ್. ಗಂಟು ಮಾತ್ರ. 1976ರ ಆಗಸ್ಟ್ 1ರಿಂದ ಇದರ ಜೊತೆಗೆ, ಸೇವೆಯಲ್ಲಿರುವಾಗ ಸತ್ತವರ ಮನೆಯವರಿಗೆ ಇಡಿಗಂಟು ಕೊಡುವ ಠೇವಣಿ ಜೋಡಿತ ವಿಮಾ ಯೋಜನೆ ಸೇರಿತು. ಇದಕ್ಕೆ ಕಾರ್ಮಿಕ ಏನೂ ಕಟ್ಟಬೇಕಿಲ್ಲ, ಮಾಲೀಕರೇ ವೇತನದ ಶೇ. 0.5ರಷ್ಟನ್ನು ತುಂಬುತ್ತಾರೆ. ಇವತ್ತು ಇದರ ಗರಿಷ್ಠ ಮೊತ್ತ 7 ಲಕ್ಷ ರೂಪಾಯಿ.

ಈಗಿರುವ ನೌಕರರ ಪಿಂಚಣಿ ಯೋಜನೆ 1995ರ ನವೆಂಬರ್ 16ರಂದು ಬಂತು. ಮಾಲೀಕರ ವಂತಿಗೆಯಲ್ಲಿ ಶೇ. 8.33ರಷ್ಟು ಈ ನಿಧಿಗೆ ಹೋಗುತ್ತದೆ, ಸರಕಾರ ಶೇ. 1.16 ಸೇರಿಸುತ್ತದೆ. ಲೆಕ್ಕಕ್ಕೆ ಹಿಡಿಯುವ ವೇತನದ ಮಿತಿ 2014ರ ಸೆಪ್ಟೆಂಬರ್ 1ರಿಂದ 15,000 ರೂಪಾಯಿ; ಅಂದಿನಿಂದ ಈಚೆಗೆ ಅದಕ್ಕಿಂತ ಹೆಚ್ಚಿನ ಸಂಬಳದ ಮೇಲೆ ಮೊದಲ ಸಲ ಕೆಲಸಕ್ಕೆ ಸೇರಿದವರು ಈ ಯೋಜನೆಯ ಸದಸ್ಯರೇ ಆಗುವುದಿಲ್ಲ. ನಿವೃತ್ತಿ ಪಿಂಚಣಿ ಪಡೆಯಲು ಹತ್ತು ವರ್ಷಗಳ ಸೇವೆ ಬೇಕು. ಆದರೆ ಸೇವೆಯಲ್ಲಿರುವಾಗ ಸತ್ತರೆ ಒಂದೇ ತಿಂಗಳ ವಂತಿಗೆ ಜಮೆಯಾಗಿದ್ದರೂ ಕುಟುಂಬಕ್ಕೆ ಪಿಂಚಣಿ ಉಂಟು. ಇಡೀ ಯೋಜನೆಯಲ್ಲಿ ಇದಕ್ಕಿಂತ ಉದಾರವಾದ ನಿಯಮ ಇನ್ನೊಂದಿಲ್ಲ, ಜನರಿಗೆ ಇಷ್ಟು ಕಡಿಮೆ ಗೊತ್ತಿರುವ ನಿಯಮವೂ ಇಲ್ಲ.

ಒಂದು ಉದಾಹರಣೆ ಹಿಡಿಯೋಣ. 2014ರ ನಂತರ ಸೇರಿ, 15,000 ರೂಪಾಯಿಯ ಲೆಕ್ಕದಲ್ಲಿ ಹತ್ತು ವರ್ಷ ದುಡಿದ ಮೋಲ್ಡರ್ (ಎರಕದ ಅಚ್ಚು ಮಾಡುವ ಕೆಲಸಗಾರ) ಒಬ್ಬರು ತೀರಿಕೊಂಡರು ಎನ್ನಿ. ವೇತನವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವುದು ಸೂತ್ರ. ಬರುವುದು ಸುಮಾರು 2,143 ರೂಪಾಯಿ. ಅಂದೇ ನಿವೃತ್ತರಾಗಿದ್ದರೆ ಎಷ್ಟು ಬರುತ್ತಿತ್ತೋ ಅಷ್ಟು ಪತ್ನಿಗೆ ಸಲ್ಲಬೇಕು. ವೇತನಕ್ಕೆ ತಕ್ಕಂತೆ ಕುಟುಂಬ ಪಿಂಚಣಿಯನ್ನು ನಿಗದಿಮಾಡಿರುವ ಯೋಜನೆಯ 'ಸಿ' ಪಟ್ಟಿಯಲ್ಲಿರುವ ಮೊತ್ತ ಹೆಚ್ಚಾಗಿದ್ದರೆ ಅದನ್ನು ಕೊಡಬೇಕು, ಮತ್ತು ಯಾವ ಸಂದರ್ಭದಲ್ಲೂ ಅದು 1,000ಕ್ಕಿಂತ ಕಡಿಮೆಯಾಗಬಾರದು. ಮೇಲಾಗಿ, 25 ವರ್ಷದೊಳಗಿನ ಇಬ್ಬರು ಮಕ್ಕಳಿಗೆ ತಾಯಿಯ ಪಿಂಚಣಿಯ ಶೇ. 25ರಂತೆ, ಅಂದರೆ ತಲಾ 536 ರೂಪಾಯಿಯಷ್ಟು, ಪ್ರತ್ಯೇಕವಾಗಿ ಬರುತ್ತದೆ. ಹಿರಿಯ ಮಗುವಿಗೆ 25 ತುಂಬಿದರೆ ಮೂರನೆಯ ಮಗುವಿನ ಸರದಿ. ಶಾಶ್ವತ ಅಂಗವೈಕಲ್ಯವಿರುವ ಮಗುವಿಗೆ ವಯಸ್ಸಿನ ಮಿತಿಯಿಲ್ಲ. ಮೂರು ಜನರ ಮನೆಗೆ ತಿಂಗಳಿಗೆ ಮೂರು ಸಾವಿರದ ಚಿಲ್ಲರೆ ರೂಪಾಯಿ ಸಂತೆ, ದಿನಸಿ, ಶಾಲೆಯ ಖರ್ಚಿಗೆ ಸಾಲುವುದಿಲ್ಲ ಎಂಬುದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಪತ್ನಿ ಮರುಮದುವೆಯಾದರೆ ಅವಳ ಪಿಂಚಣಿ ನಿಂತು, ಮಕ್ಕಳಿಗೆ ಅನಾಥ ಪಿಂಚಣಿಯ ದರ, ಅಂದರೆ ತಾಯಿಯ ಪಿಂಚಣಿಯ ಶೇ. 75, ಅನ್ವಯಿಸುತ್ತದೆ. ಉಡಿಕಿಯ (ವಿಧವೆಯರ ಮರುಮದುವೆಯ) ರೂಢಿ ಹಲವು ಸಮುದಾಯಗಳಲ್ಲಿ ಇರುವ ಈ ಭಾಗದಲ್ಲಿ, ಎಳೆಯ ವಿಧವೆಯರನ್ನು ಮರುಮದುವೆಯಿಂದ ಹಿಂದೆಗೆಯುವಂತೆ ಮಾಡುವ ಈ ಷರತ್ತು ನನಗೆ ಹಳೆಯ ಕಾಲದ ಉಳಿಕೆಯಂತೆಯೇ ಕಾಣುತ್ತದೆ.

ಹಣ ಯಾರದ್ದು ಎಂಬ ವಿಷಯದಲ್ಲಿ ಮನೆಮನೆಗಳಲ್ಲಿ ಜಗಳಗಳು ಏಳುತ್ತವೆ. ಮದುವೆಗೆ ಮೊದಲು ಅಣ್ಣನ ಹೆಸರನ್ನೋ ಅವ್ವನ ಹೆಸರನ್ನೋ ನಾಮಿನಿಯಾಗಿ ಬರೆಸಿ ಮರೆತವರು ಬಹಳ ಜನ. ಕುಟುಂಬವಿಲ್ಲದಾಗ ಮಾಡಿದ ಪಿ.ಎಫ್. ನಾಮನಿರ್ದೇಶನ, ಮದುವೆಯಾಗಿ ಕುಟುಂಬ ಬಂದೊಡನೆ ತಾನಾಗಿ ರದ್ದಾಗುತ್ತದೆ. ಪಿಂಚಣಿಯಲ್ಲಂತೂ ಪತ್ನಿ ಅಥವಾ ಪತಿ, ಮಕ್ಕಳು ಇರುವಾಗ ನಾಮಿನಿಗೆ ಜಾಗವೇ ಇಲ್ಲ. ಅವರು ಯಾರೂ ಇಲ್ಲದಿದ್ದರೆ ಮಾತ್ರ ನಾಮಿನಿಗೆ, ನಾಮಿನಿಯೂ ಇಲ್ಲದಿದ್ದರೆ ಅವಲಂಬಿತ ತಂದೆಗೆ, ನಂತರ ತಾಯಿಗೆ ಅದು ಹೋಗುತ್ತದೆ. ಕುಟುಂಬ ಪಿಂಚಣಿ ಮೃತರ ಆಸ್ತಿಯಲ್ಲ, ಅದನ್ನು ಮೃತ್ಯುಪತ್ರದಲ್ಲಿ ಬೇರೆಯವರಿಗೆ ಬರೆದುಕೊಡಲು ಬರುವುದಿಲ್ಲ ಎಂದು ಸುಪ್ರೀಂ ಕೋರ್ಟು 1991ರಲ್ಲಿ ರೈಲ್ವೆ ನೌಕರರೊಬ್ಬರ ಪ್ರಕರಣದಲ್ಲಿ ಸ್ಪಷ್ಟಪಡಿಸಿತು.

ಇಷ್ಟೆಲ್ಲ ಇದ್ದರೂ ಇಡೀ ಕಟ್ಟಡ ನಿಂತಿರುವುದು 'ಸೇವೆಯಲ್ಲಿರುವಾಗ' ಎಂಬ ಷರತ್ತಿನ ಮೇಲೆ. ಕೆಲಸ ಬಿಟ್ಟ ಮೇಲೆ, 58 ತುಂಬುವ ಮೊದಲು ಸತ್ತರೆ ಒಂದು ತಿಂಗಳ ನಿಯಮ ಉಪಯೋಗಕ್ಕೆ ಬರುವುದಿಲ್ಲ. ಆಗ ಹತ್ತು ವರ್ಷಗಳ ಸೇವೆ ಇರಲೇಬೇಕು, ಇಲ್ಲದಿದ್ದರೆ ಮನೆಯವರಿಗೆ ಒಂದು ಸಣ್ಣ ಮೊತ್ತ ವಾಪಸು ಸಿಕ್ಕಿ ವ್ಯವಹಾರ ಮುಗಿಯುತ್ತದೆ. 1971ರಲ್ಲಿ ಈ ಷರತ್ತು ಬರೆದವರ ಕಣ್ಣ ಮುಂದೆ ಇದ್ದಿರಬಹುದಾದ ಕಾರ್ಮಿಕ, ಒಂದೇ ಗಿರಣಿಯಲ್ಲಿ ಸೇರಿ ಅಲ್ಲೇ ಮುದುಕನಾಗುವವನು. ಇಂದಿನ ಗುತ್ತಿಗೆ ಕಾರ್ಮಿಕನ ಹೆಸರು ಒಬ್ಬ ಗುತ್ತಿಗೆದಾರನ ಪಟ್ಟಿಯಿಂದ ಇಳಿದು ಇನ್ನೊಬ್ಬನ ಪಟ್ಟಿ ಏರುವ ನಡುವೆ ವಾರಗಳು ಕಳೆಯುತ್ತವೆ. ಆ ನಡುವೆ ಹೃದಯಾಘಾತವಾದರೆ, ಆನ್‌ಲೈನ್ ದಾಖಲೆಯಲ್ಲಿ ಗುತ್ತಿಗೆದಾರ ನಮೂದಿಸಿದ ಸೇವೆ ಬಿಟ್ಟ ದಿನಾಂಕವೇ ಹೆಂಡತಿಯ ಪಿಂಚಣಿಗೆ ಅಡ್ಡಬರುತ್ತದೆ. ಗುತ್ತಿಗೆದಾರ ವಂತಿಗೆ ತುಂಬದಿದ್ದರೆ ಮೂಲ ಮಾಲೀಕರೇ ಹೊಣೆ ಎಂಬ ನಿಯಮವಿದೆಯಾದರೂ, ಅದು ಹಣದ ಬಾಕಿಗೆ ಮದ್ದಾಗುತ್ತದೆಯೇ ಹೊರತು ಸೇವೆಯ ಖಾಲಿ ಜಾಗವನ್ನು ತುಂಬುವುದಿಲ್ಲ.

ಸಕ್ಕರೆ ಕಾರ್ಖಾನೆಯ ಹಂಗಾಮಿ ಕಾರ್ಮಿಕರ ವಿಷಯದಲ್ಲಿ ಕಾನೂನು ಸ್ವಲ್ಪ ಮೆತ್ತಗಿದೆ. ಕಬ್ಬು ನುರಿಸುವ ಹಂಗಾಮಿನ ಕೆಲವೇ ತಿಂಗಳು ದುಡಿದರೂ ಪಿಂಚಣಿಯ ಲೆಕ್ಕದಲ್ಲಿ ಅದು ಪೂರ್ಣ ಒಂದು ವರ್ಷದ ಸೇವೆ.

ಎಲ್ಲಕ್ಕಿಂತ ಹೆಚ್ಚು ನಷ್ಟವಾಗುವುದು ಕಾಯಿಲೆಯ ಪ್ರಕರಣಗಳಲ್ಲಿ. ಮರಳಿನ ಧೂಳು ಕುಡಿದು ಶ್ವಾಸಕೋಶ ಕೆಟ್ಟವರು, ಡಯಾಲಿಸಿಸ್‌ಗೆ ಹೋಗಿಬರುವವರು, ಆಸ್ಪತ್ರೆಯ ಖರ್ಚಿಗೆ ಪಿ.ಎಫ್. ಬಿಡಿಸಿಕೊಳ್ಳಲೆಂದು ರಾಜೀನಾಮೆ ಕೊಟ್ಟುಬಿಡುತ್ತಾರೆ. ಎಂಟು ವರ್ಷ ದುಡಿದವರು ಹೀಗೆ ಮಾಡಿ ಕೆಲವು ತಿಂಗಳಲ್ಲಿ ತೀರಿಕೊಂಡರೆ, ಪತ್ನಿಗೆ ಜೀವನವಿಡೀ ಬರಬೇಕಿದ್ದ ಪಿಂಚಣಿಯನ್ನು ಆ ರಾಜೀನಾಮೆಯೇ ಅಳಿಸಿಹಾಕಿರುತ್ತದೆ. ಹಣಕ್ಕಾಗಿ ಕೆಲಸ ಬಿಡುವ ಅಗತ್ಯವೂ ಇರುವುದಿಲ್ಲ: ಭವಿಷ್ಯ ನಿಧಿ ಯೋಜನೆ ಕಾಯಿಲೆಗಾಗಿ ಮುಂಗಡಕ್ಕೆ ಅವಕಾಶ ಕೊಟ್ಟಿದೆ. ಕೆಲಸದಲ್ಲಿರುವಾಗಲೇ ಪೂರ್ಣ ಮತ್ತು ಶಾಶ್ವತ ಅಸಾಮರ್ಥ್ಯ ಉಂಟಾದವರಿಗೆ ಪಿಂಚಣಿ ಯೋಜನೆಯಲ್ಲಿಯೇ ಬೇರೆ ದಾರಿಯಿದೆ, ಅದಕ್ಕೂ ಒಂದು ತಿಂಗಳ ವಂತಿಗೆ ಸಾಕು.

ಅರ್ಜಿಗಳು ಮೂರು: ಪಿ.ಎಫ್.ಗೆ ನಮೂನೆ 20, ಪಿಂಚಣಿಗೆ 10ಡಿ, ವಿಮೆಗೆ 5ಐಎಫ್. ಬೆಳಗಾವಿಯ ಮನೆಗಳಲ್ಲಿ ಇವು ನಿಂತುಬಿಡುವುದು ಪತ್ನಿಯ ಹೆಸರಿನಿಂದ. ತವರಿನಲ್ಲಿ ಒಂದು, ಮದುವೆಯ ದಿನ ಇಟ್ಟ ಇನ್ನೊಂದು. ಶಾಲೆಯ ದಾಖಲೆ ಮರಾಠಿಯಲ್ಲಿ, ಪಡಿತರ ಚೀಟಿ ಕನ್ನಡದಲ್ಲಿ, ಆಧಾರ್‌ನಲ್ಲಿ ಮೂರನೆಯ ಕಾಗುಣಿತ. ಕಾರ್ಖಾನೆಯ ದಾಖಲೆಯಲ್ಲಿರುವ ಪತ್ನಿಯ ಹೆಸರು ಆಧಾರ್‌ನಂತೆಯೇ ಇದೆಯೇ ಎಂದು ಕಾರ್ಮಿಕ ಬದುಕಿರುವಾಗಲೇ ನೋಡಿಕೊಂಡು ಇ-ನಾಮಿನೇಷನ್ (ಆನ್‌ಲೈನ್ ನಾಮನಿರ್ದೇಶನ) ತುಂಬಿದ್ದರೆ ಈ ಅಲೆದಾಟ ಬಹಳಷ್ಟು ತಪ್ಪುತ್ತದೆ. ಎಲ್ಲ ಕಾಗದಗಳು ಸರಿಯಾಗಿ ಸಲ್ಲಿಕೆಯಾದ 20 ದಿನಗಳೊಳಗೆ ಅರ್ಜಿ ಇತ್ಯರ್ಥವಾಗಬೇಕು. ಸಕಾರಣವಿಲ್ಲದೆ ತಡವಾದರೆ ಶೇ. 12ರ ಬಡ್ಡಿಯನ್ನು ಸಂಬಂಧಪಟ್ಟ ಆಯುಕ್ತರ ಸಂಬಳದಿಂದ ಕಡಿತ ಮಾಡಬಹುದು ಎಂದು ಯೋಜನೆಯಲ್ಲೇ ಬರೆದಿದೆ.