ಬೈಲಕುಪ್ಪೆಯ ಲಾಮಾಗಳಿಗೂ ಕುಂಗ್ ಫೂ ಬರುತ್ತಾ?

ಪ್ರಶ್ನೆ: ಕುಶಾಲನಗರದಲ್ಲಿ ಹೋಂಸ್ಟೇ ನಡೆಸುತ್ತಿದ್ದೇನೆ. ಗೋಲ್ಡನ್ ಟೆಂಪಲ್ ನೋಡಿ ಬಂದ ಮಕ್ಕಳೆಲ್ಲ ‘ಅಂಕಲ್, ಆ ಲಾಮಾಗಳು ಕುಂಗ್ ಫೂ ಮಾಡ್ತಾರಾ?’ ಅಂತ ಕೇಳುತ್ತಾರೆ. ಬೈಲಕುಪ್ಪೆಯ ಟಿಬೆಟಿಯನ್ ಮಠವಾದ ಸೆರಾದ ಅಂಗಳದಲ್ಲಿ ಅವರು ಕೈ ಬೀಸಿ, ಕಾಲು ಅಪ್ಪಳಿಸಿ ಕೂಗುವುದನ್ನು ನಾನೂ ನೋಡಿದ್ದೇನೆ. ಏನು ಹೇಳಲಿ?

ಉತ್ತರ: ಇಲ್ಲ ಅಂತಲೇ ಹೇಳಿ. ನೀವು ನೋಡಿದ್ದು ಹೊಡೆದಾಟವಲ್ಲ, ತರ್ಕದ ಪಾಠ.

ಬೋಳುತಲೆಯ ಸನ್ಯಾಸಿ ಎಂದರೆ ಕುಂಗ್ ಫೂ ಎಂಬ ಚಿತ್ರ ನಮ್ಮ ತಲೆಯಲ್ಲಿ ಕೂತಿದ್ದು ಸಿನಿಮಾದಿಂದ. ಅದರ ಮೂಲ ಚೀನಾದ ಹೆನಾನ್ ಪ್ರಾಂತ್ಯದ ಶಾವೊಲಿನ್ ಎಂಬ ಒಂದೇ ಒಂದು ಮಠ. ಅಲ್ಲಿನ ಸನ್ಯಾಸಿಗಳು 621ರಲ್ಲಿ, ಮುಂದೆ ಟಾಂಗ್ ಚಕ್ರವರ್ತಿಯಾದ ಲೀ ಶಿಮಿನ್‌ನ ಪರವಾಗಿ ಯುದ್ಧಕ್ಕೆ ನಿಂತಿದ್ದಕ್ಕೆ ಶಾಸನವೇ ಇದೆ. ಹಾಂಕಾಂಗ್ ಸ್ಟುಡಿಯೋಗಳು 1970ರ ದಶಕದಲ್ಲಿ ಆ ಮಠದ ಕಥೆಗಳನ್ನು ಸಾಲುಸಾಲಾಗಿ ತೆರೆಗೆ ತಂದವು. 1982ರಲ್ಲಿ ಜೆಟ್ ಲೀ ನಟಿಸಿದ ‘ಶಾವೊಲಿನ್ ಟೆಂಪಲ್’ ಬಂದ ಮೇಲಂತೂ ಮಠಕ್ಕೆ ಜನಸಾಗರವೇ ಹರಿಯಿತು. ಬೈಲಕುಪ್ಪೆಯ ಮಠಗಳಿಗೂ ಅದಕ್ಕೂ ಬುದ್ಧನ ಹೊರತು ಹೆಚ್ಚಿನ ನಂಟಿಲ್ಲ. ಭಾಷೆ ಬೇರೆ, ಪರಂಪರೆ ಬೇರೆ, ಓದುವ ಗ್ರಂಥಗಳೂ ಬೇರೆ.

ಈಗ ಆ ಅಂಗಳದ ವಿಷಯಕ್ಕೆ ಬರೋಣ. ಸೆರಾ ಮಠ ಲಾಸಾ ಬಳಿ 1419ರಲ್ಲಿ ಹುಟ್ಟಿದ್ದು. ಟಿಬೆಟ್ ಬಿಟ್ಟು ಬಂದವರು 1970ರ ದಶಕದ ಆರಂಭದಲ್ಲಿ ಅದನ್ನು ಬೈಲಕುಪ್ಪೆಯಲ್ಲಿ ಮತ್ತೆ ಕಟ್ಟಿದರು. ಅಲ್ಲಿ ಒಬ್ಬ ನೆಲದ ಮೇಲೆ ಕೂತಿರುತ್ತಾನೆ, ಅವನ ಕೆಲಸ ಉತ್ತರ ಕೊಡುವುದು. ಇನ್ನೊಬ್ಬ ಎದುರಿಗೆ ನಿಂತು ಪ್ರಶ್ನೆ ಹಾಕುತ್ತಾನೆ. ಪ್ರಶ್ನೆ ಮುಗಿಯುವ ಗಳಿಗೆಗೆ ಸರಿಯಾಗಿ ಬಲಗೈಯನ್ನು ಭುಜದ ಮೇಲಿನಿಂದ ಬೀಸಿ ಎಡ ಅಂಗೈಗೆ ಚಟ್ಟನೆ ತಟ್ಟುತ್ತಾನೆ, ಎಡಗಾಲು ಅದೇ ಹೊತ್ತಿಗೆ ನೆಲಕ್ಕೆ ಅಪ್ಪಳಿಸುತ್ತದೆ. ಬಲಗೈ ಕರುಣೆಯ ಸಂಕೇತ, ಎಡಗೈ ಪ್ರಜ್ಞೆಯ ಸಂಕೇತ, ಚಪ್ಪಾಳೆ ಎರಡರ ಕೂಡಿಕೆ ಎಂದು ಭಿಕ್ಷುಗಳು ವಿವರಿಸುತ್ತಾರೆ. ಕೊಡಗಿನ ಹುತ್ತರಿ ಹಬ್ಬದಲ್ಲಿ ಪರಿಯಕಳಿ ಎಂಬ ಬೆತ್ತದಾಟ ನೋಡಿದವರಿಗೆ ವ್ಯತ್ಯಾಸ ಬೇಗ ಹೊಳೆದೀತು: ಅಲ್ಲಿ ಬೆತ್ತದ ಏಟು ಮೊಣಕಾಲಿನ ಕೆಳಗೆ ನಿಜವಾಗಿಯೂ ಬೀಳುತ್ತದೆ, ಇಲ್ಲಿ ಯಾರಿಗೂ ಏಟಿಲ್ಲ.

ಆರಂಭದ ವಿದ್ಯಾರ್ಥಿಗಳಿಗೆ ಕಲಿಸುವ ಒಂದು ವಾದ ನನಗೆ ಬಹಳ ಇಷ್ಟ. ‘ಬಣ್ಣವೆಂಬುದೆಲ್ಲ ಕೆಂಪೇ?’ ಎಂದು ನಿಂತವನು ಕೇಳುತ್ತಾನೆ. ಕೂತವನು ಹೌದೆಂದನೋ, ಸಿಕ್ಕಿಬಿದ್ದ. ‘ಹಾಗಾದರೆ ಬಿಳಿ ಶಂಖದ ಬಣ್ಣವೂ ಕೆಂಪಾಗಬೇಕು, ಯಾಕೆಂದರೆ ಅದೂ ಬಣ್ಣವೇ!’ ಕೂತವನು ಕೊಡಬಹುದಾದ ಉತ್ತರಗಳು ಕೆಲವೇ: ಒಪ್ಪಿದೆ, ಯಾಕೆ, ನೀನು ಕೊಟ್ಟ ಕಾರಣ ಸಿದ್ಧವಾಗಿಲ್ಲ, ವ್ಯಾಪ್ತಿ ಇಲ್ಲ (ಅಂದರೆ ಆ ಕಾರಣದಿಂದ ಈ ತೀರ್ಮಾನ ಬರುವುದಿಲ್ಲ). ಜಾರಿಕೊಳ್ಳಲು ದಾರಿಯೇ ಇಲ್ಲ. ಕೂಗಾಟವೆಲ್ಲ ಇದರದ್ದು.

ಹೇತು (ಕಾರಣ), ವ್ಯಾಪ್ತಿ ಎಂಬ ಮಾತುಗಳು ಎಲ್ಲಿಂದ ಬಂದವು ನೋಡಿ. ಕಂಚಿ ಕಡೆಯವನೆಂದು ಪರಂಪರೆ ಹೇಳುವ ಬೌದ್ಧ ತಾರ್ಕಿಕ ದಿಙ್ನಾಗ, ಅವನ ನಂತರ 7ನೇ ಶತಮಾನದ ಧರ್ಮಕೀರ್ತಿ. ಧರ್ಮಕೀರ್ತಿಯ ‘ಪ್ರಮಾಣವಾರ್ತಿಕ’ವನ್ನು ಸೆರಾದ ಭಿಕ್ಷುಗಳು ಇವತ್ತಿಗೂ ವರ್ಷಗಟ್ಟಲೆ ಓದುತ್ತಾರೆ. ಬೋಧಿಧರ್ಮನೆಂಬ ಬೌದ್ಧ ಭಿಕ್ಷು ದಕ್ಷಿಣ ಭಾರತದಿಂದ ಹೋಗಿ ಚೀನಾಕ್ಕೆ ಕುಂಗ್ ಫೂ ಕಲಿಸಿದ ಎಂದು ನಾವು ಎದೆಯುಬ್ಬಿಸಿ ಹೇಳಿಕೊಳ್ಳುತ್ತೇವೆ. ಆತ 5–6ನೇ ಶತಮಾನದವನು. ಆ ಕಥೆಗೆ ಆಧಾರವಾದ, ಆತನ ಹೆಸರಿನಲ್ಲಿರುವ ‘ಯೀಜಿನ್‌ಜಿಂಗ್’ ಎಂಬ ವ್ಯಾಯಾಮ ಗ್ರಂಥ ಹುಟ್ಟಿದ್ದೋ 17ನೇ ಶತಮಾನದಲ್ಲಿ. ಹೆಮ್ಮೆಪಡಲೇಬೇಕೆಂದಿದ್ದರೆ ದಿಙ್ನಾಗನ ಬಗ್ಗೆ ಪಡೋಣ. ಅವನ ತರ್ಕ ಹಿಮಾಲಯ ದಾಟಿ ಹೋಗಿ, ಸಾವಿರ ವರ್ಷ ಬಾಳಿ, ಕಾವೇರಿ ದಡಕ್ಕೆ ವಾಪಸು ಬಂದಿದೆ. ನಮ್ಮಲ್ಲೇ ಮರೆತುಹೋಗಿದ್ದ ವಿದ್ಯೆಯನ್ನು ಅವರು ಕಾಪಾಡಿದ್ದಾರೆ ಎಂಬುದನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು.

ಟಿಬೆಟಿನ ಮಠಗಳಲ್ಲಿ ಮೈಕಟ್ಟಿಗೆ ಜಾಗವೇ ಇರಲಿಲ್ಲ ಎಂದಲ್ಲ. ಹಳೆಯ ಸೆರಾದಲ್ಲಿ ‘ದೊಬ್‌ದೊಬ್’ ಎಂಬ ಭಿಕ್ಷುಗಳ ಗುಂಪಿತ್ತು. ಓದಿಗಿಂತ ಓಟ, ಉದ್ದಜಿಗಿತ, ಕಲ್ಲೆಸೆತದಲ್ಲಿ ಮುಂದು. ಮಠದ ಕಾವಲು, ಕಷ್ಟದ ಕೆಲಸ ಅವರ ಪಾಲಿಗೆ. ಜಗಳಕ್ಕೂ ಹೆಸರಾಗಿದ್ದರು. ಆದರೆ ಅದು ಕುಂಗ್ ಫೂ ಅಲ್ಲ.

ಇನ್ನು ಕೆಂಪು ನಿಲುವಂಗಿಯವರು ನಿಜವಾಗಿಯೇ ಕುಂಗ್ ಫೂ ಮಾಡುವ ವಿಡಿಯೋಗಳು ಮಕ್ಕಳ ಮೊಬೈಲಿನಲ್ಲಿ ಇರುತ್ತವೆ. ಅವರು ದ್ರುಕ್ಪ ಎಂಬ ಟಿಬೆಟಿಯನ್ ಬೌದ್ಧ ಪಂಥದ ಸನ್ಯಾಸಿನಿಯರು. ವಿಯೆಟ್ನಾಂನ ಸನ್ಯಾಸಿನಿಯರು ಅಭ್ಯಾಸ ಮಾಡುವುದನ್ನು ನೋಡಿದ ಅವರ ಗುರು, ತಮ್ಮ ಮಠದ ಸನ್ಯಾಸಿನಿಯರಿಗೂ ಅದನ್ನು ಕಲಿಸುವ ವ್ಯವಸ್ಥೆ ಮಾಡಿದರು. ಅದು ಕಠ್ಮಂಡು ಬಳಿಯ ಮಠ, ಬೈಲಕುಪ್ಪೆಯದಲ್ಲ.